ಸಣ್ಣಗಾದವಳು, ಸೊರಗಿದವಳು

ಈಸ್ಟರ್ ರಜೆಗೆ ಬಂದಿದ್ದ ಮಗಳು ಅಡುಗೆಮನೆಯ ಮೇಜಿನ ಮೇಲೆ ಒಂದು ಹಾಳೆ ಬಿಟ್ಟು ಸ್ನಾನಕ್ಕೆ ಹೋಗಿದ್ದಳು. ಮಾರ್ಚ್ ಕೊನೆಯೆಂದರೆ ನನ್ನಂಥ ಲೆಕ್ಕಿಗರಿಗೆ ವರ್ಷದ ಖಾತೆ ಮುಗಿಸುವ ಕಾಲ. ಅಂಕಿಗಳಿರುವ ಯಾವ ಕಾಗದ ಕಂಡರೂ ಕೈ ತಾನಾಗಿ ಕನ್ನಡಕದ ಕಡೆ ಹೋಗುತ್ತದೆ. ಹಾಳೆಯಲ್ಲಿ ಎರಡು ಸಾಲು. ಅಕ್ಟೋಬರ್: ತೂಕ 63.8 ಕೆ.ಜಿ., ಕೊಬ್ಬು ಶೇ. 24.1. ಮಾರ್ಚ್: ತೂಕ 59.4 ಕೆ.ಜಿ., ಕೊಬ್ಬು ಶೇ. 21.5. ಅದರ ಪಕ್ಕದಲ್ಲಿ ಯಾರೋ ಪೆನ್ನಿನಿಂದ ಒಂದು ನಗುಮುಖ ಬರೆದಿದ್ದರು.

ಮಗಳು ಆಗ ಇಂಗ್ಲೆಂಡಿನ ಉತ್ತರದ ಒಂದು ವಿಶ್ವವಿದ್ಯಾಲಯದಲ್ಲಿ ಎರಡನೆಯ ವರ್ಷದಲ್ಲಿದ್ದಳು. ಅಲ್ಲಿಯ ಹೆಣ್ಣುಮಕ್ಕಳ ರೋಯಿಂಗ್ ತಂಡದಲ್ಲಿ ಹುಟ್ಟು ಹಾಕುತ್ತಿದ್ದಳು. ಕೋಚ್ ಆ ವರ್ಷ ಲೈಟ್‌ವೇಟ್ ದೋಣಿಯೊಂದನ್ನು ಕಟ್ಟುವ ಉತ್ಸಾಹದಲ್ಲಿದ್ದರು. ಅದರಲ್ಲಿ ಕೂರಬೇಕಾದರೆ ತೂಕ 59 ಕೆ.ಜಿ. ಮೀರುವಂತಿಲ್ಲ. ಇನ್ನು 400 ಗ್ರಾಂ ಇಳಿದರೆ ಸೀಟು ಅವಳದು. ನನಗೂ ಖುಷಿಯಾಯಿತು ಎಂದು ಒಪ್ಪಿಕೊಳ್ಳಬೇಕು. ಆ ವಾರವೇ ಬರ್ಮಿಂಗ್‌ಹ್ಯಾಮಿನಲ್ಲಿ ನಮ್ಮ ಯುಗಾದಿ ಕೂಟ. ಸೀರೆ ಉಟ್ಟು ಬಂದ ಅವಳನ್ನು ನೋಡಿ ನಾಲ್ಕು ಜನ ‘ಎಷ್ಟು ಚೆನ್ನಾಗಿ ಸಣ್ಣ ಆಗಿದಾಳೆ ನಿಮ್ಮ ಮಗಳು’ ಅಂದರು. ನಾನು ಒಬ್ಬಟ್ಟು ಬಡಿಸುತ್ತಾ ಬೀಗಿದೆ. ತನ್ನ ತಟ್ಟೆಯ ಒಬ್ಬಟ್ಟನ್ನು ಅವಳು ಅಪ್ಪನ ತಟ್ಟೆಗೆ ದಾಟಿಸಿದ್ದನ್ನು ಕಂಡೂ ಕಾಣದಂತಿದ್ದೆ.

ಶಿವಮೊಗ್ಗದಲ್ಲಿರುವ ನನ್ನ ಅಮ್ಮ ಮಾತ್ರ ವಿಡಿಯೊ ಕರೆಯಲ್ಲಿ ಮೊಮ್ಮಗಳ ಮುಖ ನೋಡಿದವರೇ, ‘ಏನೇ ಪುಟ್ಟಿ, ಹೀಗೆ ಸೊರಗಿದೀಯ? ಹೊಟ್ಟೆಗೆ ಹಾಕ್ತಾಳೋ ಇಲ್ವೋ ನಿಮ್ಮಮ್ಮ?’ ಅಂದರು. ಅಜ್ಜಿಯರು ಇನ್ನೇನು ಹೇಳುತ್ತಾರೆ ಎಂದು ನಾವಿಬ್ಬರೂ ನಕ್ಕೆವು.

ಸಣ್ಣಗಾಗುವುದು ಮತ್ತು ಸೊರಗುವುದು ಕನ್ನಡದಲ್ಲಿ ಬೇರೆ ಬೇರೆ. ತೂಕದ ಯಂತ್ರಕ್ಕೆ ಎರಡೂ ಒಂದೇ. ಈ ವ್ಯತ್ಯಾಸ ಗೊತ್ತಾಗಲು ನನಗೆ ಮತ್ತೂ ಎರಡು ತಿಂಗಳು ಬೇಕಾಯಿತು. ಆ ಎರಡು ತಿಂಗಳಲ್ಲಿ ಮತ್ತು ಆಮೇಲೆ ನಾನು ಒಂದು ಕನ್ನಡ ಕಾದಂಬರಿಯನ್ನು ಮತ್ತೆ ಓದಿದೆ, ಹೆಣ್ಣುಮಕ್ಕಳ ರೋಯಿಂಗ್ ಕುರಿತ ಎರಡು ಸಿನಿಮಾ ನೋಡಿದೆ, ಆ ಹಾಳೆಯನ್ನು ಹತ್ತಾರು ಸಲ ಓದಿದೆ. ಈ ನಾಲ್ಕನ್ನೂ ಒಟ್ಟಿಗಿಟ್ಟು ನೋಡುವುದು ಈ ಬರಹದ ಉದ್ದೇಶ. ಸಾಹಿತ್ಯ ವಿಮರ್ಶೆಯ ಶಿಕ್ಷಣ ನನಗಿಲ್ಲ, ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡಿ ಸಿ.ಎ. ಆದವಳು. ಲೆಕ್ಕಪರಿಶೋಧಕಿ ಓದುವ ಹಾಗೆಯೇ ಓದುತ್ತೇನೆ. ಮಗಳ ವಿಷಯವನ್ನು ಅವಳ ಒಪ್ಪಿಗೆ ಪಡೆದೇ ಬರೆದಿದ್ದೇನೆ.

ಮೊದಲು ಹಾಳೆ. ಯಾವ ಖಾತೆಯ ಮುಂದೆ ಕೂತರೂ ಆಡಿಟರ್ ಕೇಳುವ ಮೊದಲ ಪ್ರಶ್ನೆ, ಈ ಅಂಕಿ ಎಲ್ಲಿಂದ ಬಂತು ಎಂಬುದು. ಕೊಬ್ಬನ್ನು ಯಾರೂ ತಕ್ಕಡಿಯಲ್ಲಿಟ್ಟು ತೂಗಿರುವುದಿಲ್ಲ. ಕ್ಯಾಲಿಪರ್ ಎಂಬ ಇಕ್ಕಳದಂಥ ಸಾಧನದಿಂದ ತೋಳಿನ ಮುಂದೆ, ಹಿಂದೆ, ಬೆನ್ನಿನ ಹೆಗಲೆಲುಬಿನ ಕೆಳಗೆ, ಸೊಂಟದ ಮೂಳೆಯ ಮೇಲೆ ಹೀಗೆ ನಾಲ್ಕು ಕಡೆ ಚರ್ಮವನ್ನು ಹಿಡಿದು ದಪ್ಪ ಅಳೆಯುತ್ತಾರೆ. ಆ ಮಿಲಿಮೀಟರುಗಳ ಮೊತ್ತದಿಂದ ದೇಹದ ಸಾಂದ್ರತೆಯನ್ನು ಊಹಿಸುತ್ತಾರೆ. ಸಾಂದ್ರತೆಯಿಂದ ಕೊಬ್ಬಿನ ಶೇಕಡಾವಾರು. ಬ್ರಿಟನ್ನಿನಲ್ಲಿ ಬಹಳ ಬಳಕೆಯಲ್ಲಿರುವ ಸೂತ್ರ ಡರ್ನಿನ್ ಮತ್ತು ವೊಮರ್ಸ್ಲೀ ಎಂಬಿಬ್ಬರು 1974ರಲ್ಲಿ ಪ್ರಕಟಿಸಿದ್ದು. 16ರಿಂದ 72 ವಯಸ್ಸಿನ 481 ಗಂಡಸರು, ಹೆಂಗಸರನ್ನು ಅಳೆದು ಕಟ್ಟಿದ್ದು. ಸಾಂದ್ರತೆಯನ್ನು ಶೇಕಡಾವಾರಿಗೆ ತಿರುಗಿಸುವ ಸಿರಿಯ ಸೂತ್ರ 1961ರದು. ಕೊಬ್ಬಿನ ಸಾಂದ್ರತೆ 0.9, ಕೊಬ್ಬಿಲ್ಲದ ಉಳಿದೆಲ್ಲದರ ಸಾಂದ್ರತೆ 1.1 ಎಂದು ಅದು ಎಲ್ಲರಿಗೂ ಒಂದೇ ಹಿಡಿಯುತ್ತದೆ. ಅಂದರೆ ಅಂದಾಜಿನ ಮೇಲೆ ಅಂದಾಜು. ಇಂಥ ಲೆಕ್ಕದಲ್ಲಿ ಮೂರು ನಾಲ್ಕು ಶೇಕಡಾ ಅಂಶ ಆಚೀಚೆ ಆಗುವುದು ಸಾಮಾನ್ಯ. ಅಕ್ಟೋಬರಿನ 24.1ಕ್ಕೂ ಮಾರ್ಚಿನ 21.5ಕ್ಕೂ ಇರುವ ಅಂತರ 2.6. ತಪ್ಪಿನ ಅಳತೆಗಿಂತ ಬದಲಾವಣೆಯೇ ಚಿಕ್ಕದು. ಇಂಥದೊಂದು ಸ್ಟಾಕ್ ಮೌಲ್ಯ ತಂದು ತೋರಿಸುವ ಕಂಪನಿಯ ಖಾತೆಗೆ ನಾನು ಸಹಿ ಹಾಕುವವಳಲ್ಲ. ನಗುಮುಖವನ್ನಂತೂ ಬರೆಯುವವಳಲ್ಲ.

ಇನ್ನೊಂದು ಪ್ರಶ್ನೆ, ಯಾರ ಜೊತೆ ಹೋಲಿಕೆ? ಮಗಳ ತಂಡದ ಇಂಗ್ಲಿಷ್ ಗೆಳತಿಯರಲ್ಲಿ ಕೆಲವರದು ಅದೇ ತೂಕಕ್ಕೆ 18, 19 ಬಂದಿತ್ತು. ಇವಳಿಗೆ ಅದೇ ಕೊರಗು. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊ ಹಾಕಿ ಒಂದು ಪುಟ್ಟ ಟಿಪ್ಪಣಿ ಬರೆದಿದ್ದರು. ಇಬ್ಬರ ಬಿ.ಎಂ.ಐ. ಒಂದೇ, 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2. ನಮ್ಮ ಮೈ ಕಟ್ಟಿರುವ ರೀತಿಯೇ ಬೇರೆ ಎಂದು ತೋರಿಸಲು ಅಷ್ಟು ಸಾಕಾಯಿತು. ನಮ್ಮಲ್ಲಿ ಸಕ್ಕರೆ ಕಾಯಿಲೆಯ ಅಪಾಯ ತಿಳಿಯಲು ಇದು ದೊಡ್ಡ ಉಪಕಾರ. ದೋಣಿಯಲ್ಲಿ ಪಕ್ಕದವಳ ಅಂಕಿಯನ್ನು ಗುರಿಯಾಗಿಟ್ಟುಕೊಂಡ ಇಪ್ಪತ್ತರ ಹುಡುಗಿಗೆ ಇದನ್ನು ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಕನ್ನಡದಲ್ಲಿ ಈ ಹಾಳೆ ಓದುವುದಕ್ಕೆ ಮತ್ತೊಂದು ತೊಡಕಿದೆ. ನಮ್ಮಲ್ಲಿ ‘ಕೊಬ್ಬು’ ಒಂದು ಬೈಗುಳ. ‘ಅವಳಿಗೆ ಕೊಬ್ಬು’, ‘ಕೊಬ್ಬು ಇಳಿಸ್ತೀನಿ’ ಎಂಬ ಮಾತುಗಳನ್ನು ಕೇಳದೆ ಬೆಳೆದ ಹುಡುಗಿ ನಮ್ಮ ಕಡೆ ಇರಲಿಕ್ಕಿಲ್ಲ. ಮೈಯ ಕೊಬ್ಬಿಗೂ ಸ್ವಭಾವದ ಸೊಕ್ಕಿಗೂ ಭಾಷೆ ಒಂದೇ ಪದ ಕೊಟ್ಟಿರುವಾಗ, ಕೊಬ್ಬಿಳಿದವಳು ತಾನಾಗಿ ಒಳ್ಳೆಯವಳಾಗುತ್ತಾಳೆ. ಆದರೆ ಹೆಣ್ಣಿನ ಮೈಯಲ್ಲಿ ಜೀವ ನಡೆಸಲು ಬೇಕೇಬೇಕಾದ ಕೊಬ್ಬೇ ಶೇ. 12ರಷ್ಟು ಎಂದು ಶರೀರವಿಜ್ಞಾನದ ಪಠ್ಯಗಳು ಹೇಳುತ್ತವೆ. ಗಂಡಸಿಗೆ ಅದು ಶೇ. 3. ನನ್ನ ಕಸುಬಿನ ಭಾಷೆಯಲ್ಲಿ ಅದಕ್ಕೆ ಮೀಸಲು ನಿಧಿ ಎನ್ನುತ್ತಾರೆ. ಕಾನೂನಿನ ಪ್ರಕಾರ ಇಡಲೇಬೇಕಾದ ನಿಧಿಯನ್ನು ಯಾರೂ ದುಂದುವೆಚ್ಚ ಎನ್ನುವುದಿಲ್ಲ.

ಈ ಯೋಚನೆಯಲ್ಲಿದ್ದಾಗಲೇ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ಕಪಾಟಿನಿಂದ ತೆಗೆದೆ. 1976ರಲ್ಲಿ ಬಂದ ಕಾದಂಬರಿ. 1983ರಲ್ಲಿ ಪ್ರೇಮಾ ಕಾರಂತರು ಸಿನಿಮಾ ಮಾಡಿದರು. ನಮ್ಮ ಮಲೆನಾಡಿನ ಮನೆಗಳಲ್ಲಿ ಅದು ಓದುವ ಪುಸ್ತಕಕ್ಕಿಂತ ನೆನಪಿನ ಪುಸ್ತಕ. ಮಗುವಾಗಿರುವಾಗಲೇ ಗಂಡ ಸತ್ತು, ಋತುಮತಿಯಾದ ಮೇಲೆ ತಲೆ ಬೋಳಿಸಿಕೊಂಡು, ಒಪ್ಪೊತ್ತಿನ ಊಟದಲ್ಲಿ ಬಹು ದೀರ್ಘಕಾಲ ಬದುಕಿದ ಹೆಂಗಸಿನ ಕಥೆ. ನಾನು ಹದಿನೆಂಟರಲ್ಲಿ ಓದಿದಾಗ ಫಣಿಯಮ್ಮನ ತಪಸ್ಸಿಗೆ ಕೈಮುಗಿದಿದ್ದೆ. ಎಷ್ಟು ಕಡಿಮೆಯಲ್ಲಿ ಬದುಕಿದಳು, ಯಾರಿಗೂ ಭಾರವಾಗಲಿಲ್ಲ ಎಂದು ಮನೆಯವರೆಲ್ಲ ಹೇಳುತ್ತಿದ್ದದ್ದೂ ಅದನ್ನೇ.

ಈ ಸಲ ಓದಿದಾಗ ನಮ್ಮ ಓದೇ ತಪ್ಪಿತ್ತು ಅನ್ನಿಸಿತು. ಕಾದಂಬರಿ ಕೈಮುಗಿಸಲು ಬರೆದದ್ದಲ್ಲ. ಫಣಿಯಮ್ಮನಿಗೆ ಊಟ ಕಡಿಮೆ ಮಾಡಿದವರು ಬೇರೆಯವರು. ಅದನ್ನು ತನ್ನ ಶಿಸ್ತಾಗಿ ಮಾಡಿಕೊಂಡದ್ದು ಮಾತ್ರ ಅವಳು. ತನಗೆ ಆದದ್ದು ಇನ್ನೊಬ್ಬಳಿಗೆ ಆಗಬಾರದೆಂದು ಅವಳು ದಾಕ್ಷಾಯಿಣಿಯ ಪರ ನಿಲ್ಲುವ ಭಾಗದಲ್ಲಿ ಇಂದಿರಾ ಇದನ್ನು ಸ್ಪಷ್ಟವಾಗಿಯೇ ಹೇಳುತ್ತಾರೆ. ಕಡಿಮೆ ಉಣ್ಣುವುದನ್ನು ಫಣಿಯಮ್ಮ ಯಾರಿಗೂ ಉಪದೇಶ ಮಾಡುವುದಿಲ್ಲ. ಉಪದೇಶ ಮಾಡಿದ್ದು ಓದುಗರಾದ ನಾವು. ಇದರಲ್ಲಿ ಲೇಖಕಿಯದೂ ಸ್ವಲ್ಪ ಪಾಲಿದೆ. ಫಣಿಯಮ್ಮನ ಮೇಲಿನ ಅವರ ಪ್ರೀತಿ ಎಷ್ಟು ಗಾಢವೆಂದರೆ ಅವಳ ಹಸಿವು ಒಮ್ಮೆಯೂ ಗಟ್ಟಿಯಾಗಿ ಕೇಳಿಸುವುದಿಲ್ಲ. ಸೊರಗಿದ ಮೈ ಶಾಂತವಾದ ಮೈಯಾಗಿ ಕಾಣಿಸುತ್ತದೆ. ಹಸಿದವಳ ಬಾಯಲ್ಲೇ ‘ನನಗೇನೂ ಬೇಡ’ ಅನ್ನಿಸುವ ಆ ಪಾಠವನ್ನು ನಾವು ಊರಲ್ಲೇ ಬಿಟ್ಟು ಬಂದಿಲ್ಲ. ಯುಗಾದಿಯ ದಿನ ಒಬ್ಬಟ್ಟು ದಾಟಿಸಿದ ಮಗಳನ್ನು ನೋಡಿ ನಾನು ಬೀಗಿದ್ದು ಆ ಓದಿನಿಂದಲೇ.

‘ಫಣಿಯಮ್ಮ’ ಬಂದ 1976ರಲ್ಲೇ ದೂರದ ಅಮೆರಿಕದಲ್ಲಿ ದೋಣಿ ನಡೆಸುವ ಕಾಲೇಜು ಹುಡುಗಿಯರು ಮೈಯನ್ನೇ ಅರ್ಜಿಯಾಗಿ ಮಾಡಿಕೊಂಡ ಘಟನೆ ನಡೆಯಿತು. ಮೇರಿ ಮ್ಯಾಝಿಯೊ 1999ರಲ್ಲಿ ಮಾಡಿದ ‘ಎ ಹೀರೊ ಫಾರ್ ಡೇಸಿ’ ಅದರ ಸಾಕ್ಷ್ಯಚಿತ್ರ. ಅಲ್ಲಿಯವರೆಗೆ ಹುಟ್ಟು ಹಾಕುವ ಹುಡುಗಿಯರನ್ನು ಲೋಕ ಹೇಗೆ ನೋಡುತ್ತಿತ್ತು ಎಂಬುದಕ್ಕೆ ಇಂಗ್ಲೆಂಡಿನದೇ ಒಂದು ಉದಾಹರಣೆ ಸಾಕು. 1927ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಹೆಣ್ಣುಮಕ್ಕಳ ಮೊದಲ ದೋಣಿ ಪಂದ್ಯ ನಡೆದಾಗ ಎರಡು ದೋಣಿಗಳನ್ನು ಅಕ್ಕಪಕ್ಕ ಓಡಲು ಬಿಡಲಿಲ್ಲ. ಒಂದರ ನಂತರ ಒಂದನ್ನು ಬಿಟ್ಟು, ವೇಗದ ಜೊತೆಗೆ ಶೈಲಿಗೂ ಅಂಕ ಕೊಟ್ಟರು. ಚಂದ ಕಾಣಿಸದೆ ಗೆಲ್ಲುವ ಹಾಗಿರಲಿಲ್ಲ.

ಯೇಲ್ ವಿಶ್ವವಿದ್ಯಾಲಯದ ಹುಡುಗಿಯರ ತೊಂದರೆ ಬಹಳ ಸರಳ. ಚಳಿಗಾಲದ ಅಭ್ಯಾಸ ಮುಗಿದ ಮೇಲೆ ಹುಡುಗರಿಗೆ ದೋಣಿಮನೆಯಲ್ಲಿ ಬಿಸಿನೀರಿನ ಸ್ನಾನ. ಹುಡುಗಿಯರು ಒದ್ದೆ ಬಟ್ಟೆಯಲ್ಲಿ ಬಸ್ಸಿನೊಳಗೆ ಕಾಯಬೇಕು. ಕೇಳಿ ಕೇಳಿ ಸಾಕಾಗಿ, 1976ರ ಮಾರ್ಚ್ 3ರಂದು 19 ಹುಡುಗಿಯರು ಕ್ರೀಡಾವಿಭಾಗದ ಅಧಿಕಾರಿಯ ಕೋಣೆಗೆ ಹೋಗಿ ಮೇಲಂಗಿ ಕಳಚಿ ನಿಂತರು. ಎದೆಯ ಮೇಲೆ, ಬೆನ್ನ ಮೇಲೆ ‘ಟೈಟಲ್ ನೈನ್’ ಎಂದು ಶಾಯಿಯಲ್ಲಿ ಬರೆದುಕೊಂಡಿದ್ದರು. ಶಿಕ್ಷಣದಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಬಾರದೆಂಬ 1972ರ ಅಮೆರಿಕದ ಕಾನೂನಿನ ಹೆಸರು ಅದು. ತಂಡದ ನಾಯಕಿ ಕ್ರಿಸ್ ಅರ್ನ್ಸ್ಟ್ ಹೇಳಿಕೆಯೊಂದನ್ನು ಓದಿದರು. ಸುದ್ದಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು.

ಕನ್ನಡದವರಿಗೆ ಇಲ್ಲಿ ಅಕ್ಕಮಹಾದೇವಿ ನೆನಪಾಗುವುದು ಸಹಜ. ಆದರೆ ಆ ಹೋಲಿಕೆಯನ್ನು ಬಹಳ ಎಳೆಯಬಾರದು. ಅಕ್ಕ ಲೋಕದ ನೋಟವನ್ನೇ ಬಿಟ್ಟು ನಡೆದವಳು. ಈ ಹುಡುಗಿಯರು ಕೇಳಿದ್ದು ಒಂದು ಬಚ್ಚಲು, ಬಿಸಿನೀರು. ಅವರ ಮಾತಿನ ಬಲವೂ ಅಷ್ಟರಲ್ಲೇ ಇದೆ: ಈ ಮೈಯಿಂದ ನಿಮಗೆ ಗೆಲುವು ಬೇಕು, ಹಾಗಾದರೆ ಈ ಮೈಗೆ ಬೇಕಾದ್ದನ್ನು ಕೊಡಿ. ಸಾಕ್ಷ್ಯಚಿತ್ರದ ಗುಣವೆಂದರೆ ಈ ಬೇಡಿಕೆಯ ಸಣ್ಣತನವನ್ನು ಅದು ಮುಚ್ಚಿಡುವುದಿಲ್ಲ. ಅದರ ಕೊರತೆ ಹೆಸರಿನಲ್ಲೇ ಇದೆ. ‘ಹೀರೊ’ ಒಬ್ಬರನ್ನು ಹುಡುಕುವ ಭರದಲ್ಲಿ ಉಳಿದ ಹದಿನೆಂಟು ಮಂದಿ ಹಿನ್ನೆಲೆಗೆ ಸರಿಯುತ್ತಾರೆ. ಅಂದು ಸಂಜೆ ಹಾಸ್ಟೆಲಿಗೆ ಹೋಗಿ ಅಮ್ಮನಿಗೆ ಫೋನು ಮಾಡಿ ಏನು ಹೇಳಿದರು ಎಂಬುದು ನನ್ನಂಥ ನೋಡುಗರಿಗೆ ಬೇಕಾಗಿತ್ತು.

ಅರ್ನ್ಸ್ಟ್ ಮುಂದೆ ಕೊಳಾಯಿ ಕೆಲಸವನ್ನು ವೃತ್ತಿಯಾಗಿ ಹಿಡಿದರು. ಬಿಸಿನೀರು ಕೇಳಿದವರು ಬಿಸಿನೀರಿನ ಪೈಪು ಜೋಡಿಸುವವರಾದರು. ನಮ್ಮ ಮಿಡ್‌ಲ್ಯಾಂಡ್ಸ್‌ಗೂ ಅವರಿಗೂ ಒಂದು ನಂಟಿದೆ. 1986ರ ವಿಶ್ವ ರೋಯಿಂಗ್ ಚಾಂಪಿಯನ್‌ಷಿಪ್ ನಡೆದದ್ದು ನಾಟಿಂಗ್‌ಹ್ಯಾಮ್ ಪಕ್ಕದ ಹೋಮ್ ಪಿಯರ್‌ಪಾಂಟ್ ಸರೋವರದಲ್ಲಿ. ಅಲ್ಲಿ ಅವರು ಚಿನ್ನ ಗೆದ್ದರು. ಗೆದ್ದ ವಿಭಾಗ, ಹೆಂಗಸರ ಲೈಟ್‌ವೇಟ್ ಜೋಡಿ ದೋಣಿ. ನನ್ನ ಮಗಳ 400 ಗ್ರಾಂ ಬಾಕಿಯಿದ್ದ ವಿಭಾಗವೂ ಲೈಟ್‌ವೇಟೇ. ಅವಳು ಪಂದ್ಯಕ್ಕೆ ಹೋಗಬೇಕಾಗಿದ್ದದ್ದೂ ಅದೇ ಸರೋವರಕ್ಕೆ.

ಆದ್ದರಿಂದ ಲೈಟ್‌ವೇಟ್ ಕಟ್ಟಳೆಯನ್ನು ಸುಮ್ಮನೆ ಖಳನಾಯಕ ಮಾಡುವುದು ನ್ಯಾಯವಲ್ಲ. ದೋಣಿಯಲ್ಲಿ ಮೈಭಾರವನ್ನು ನೀರು ಹೊರುತ್ತದೆ. ಎತ್ತರದ, ದೊಡ್ಡ ಮೈಯವರ ಬಲ ಅವರ ಭಾರವನ್ನು ಮೀರಿ ಕೆಲಸ ಮಾಡುತ್ತದೆ. ಸಣ್ಣ ಮೈಯವರಿಗೂ, ಸಣ್ಣ ಮೈಯವರ ದೇಶಗಳಿಗೂ ಒಂದು ಬಾಗಿಲು ಬೇಕೆಂದು ಈ ವಿಭಾಗ ಹುಟ್ಟಿತು. ಹೆಂಗಸರ ಲೈಟ್‌ವೇಟ್ ಜೋಡಿ ದೋಣಿ 1996ರಲ್ಲಿ ಒಲಿಂಪಿಕ್ಸ್‌ಗೆ ಬಂತು. 2012ರಲ್ಲಿ ಅದರಲ್ಲಿ ಚಿನ್ನ ಗೆದ್ದ ಕ್ಯಾಥರೀನ್ ಕೋಪ್‌ಲ್ಯಾಂಡ್ ಮತ್ತು ಸೋಫಿ ಹಾಸ್ಕಿಂಗ್ ಇಬ್ಬರಿಗೂ ಇಂಗ್ಲೆಂಡಿನ ಉತ್ತರದ ನೀರು ಗೊತ್ತು. ಕೋಪ್‌ಲ್ಯಾಂಡ್ ಟೀಸ್ ನದಿಯ ಕ್ಲಬ್ಬಿನವರು, ಹಾಸ್ಕಿಂಗ್ ಡರ್ಹಮ್‌ನಲ್ಲಿ ಓದಿದವರು. ಟೋಕಿಯೊದಲ್ಲಿ ಭಾರತದ ಅರ್ಜುನ್ ಲಾಲ್ ಜಾಟ್ ಮತ್ತು ಅರವಿಂದ್ ಸಿಂಗ್ 11ನೆಯ ಸ್ಥಾನಕ್ಕೆ ಬಂದದ್ದೂ ಗಂಡಸರ ಲೈಟ್‌ವೇಟ್ ಜೋಡಿಯಲ್ಲೇ. ಅದೇ ಟೋಕಿಯೊದಲ್ಲಿ ಬ್ರಿಟನ್ನಿನ ಎಮಿಲಿ ಕ್ರೇಗ್ ಮತ್ತು ಇಮೊಜೆನ್ ಗ್ರಾಂಟ್ ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಕಂಚು ಕಳೆದುಕೊಂಡರು. 2024ರ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದರು. ಆ ವಿಭಾಗಕ್ಕೆ ಒಲಿಂಪಿಕ್ಸ್‌ನಲ್ಲಿ ಅದೇ ಕೊನೆ; 2028ರ ಲಾಸ್ ಏಂಜಲೀಸ್‌ಗೆ ಅದನ್ನು ಉಳಿಸಿಕೊಂಡಿಲ್ಲ.

ಬಾಗಿಲು ಒಳ್ಳೆಯದೇ, ಆದರೆ ಅದರ ಚೌಕಟ್ಟನ್ನು ನೋಡಿ. ಅಂತರರಾಷ್ಟ್ರೀಯ ನಿಯಮದಲ್ಲಿ ಒಬ್ಬಳ ತೂಕ 59 ಕೆ.ಜಿ. ಮೀರಬಾರದು, ಜೊತೆಗೆ ತಂಡದ ಸರಾಸರಿ 57 ಮೀರಬಾರದು. ಇಬ್ಬರ ದೋಣಿಯಲ್ಲಿ ಒಬ್ಬಳು 58.5 ಇದ್ದರೆ ಇನ್ನೊಬ್ಬಳು 55.5ಕ್ಕೆ ಇಳಿಯಲೇಬೇಕು. ಇದು ಜಂಟಿ ಖಾತೆ. ಒಬ್ಬಳು ಉಂಡದ್ದು ಇನ್ನೊಬ್ಬಳ ಲೆಕ್ಕಕ್ಕೆ ಖರ್ಚಾಗುತ್ತದೆ. ಗೆಳತಿಗೆ ಭಾರವಾಗಬಾರದೆಂಬ ಹಳೆಯ ಪಾಠ ಕಲಿತ ಹುಡುಗಿಗೆ ಇದಕ್ಕಿಂತ ಪರಿಚಿತವಾದ ನಿಯಮ ಬೇರೆ ಬೇಕೆ? ಹುಟ್ಟಿನಿಂದ ಸಣ್ಣ ಮೈಯವರಿಗಾಗಿ ತೆರೆದ ಬಾಗಿಲಿನಲ್ಲಿ, ಸಣ್ಣಗಾಗಬಲ್ಲವರೆಲ್ಲ ಸಾಲುಗಟ್ಟಿ ನಿಂತರು.

ಮಗಳ ಜೊತೆ ಕೂತು ನೋಡಿದ ಎರಡನೆಯ ಸಿನಿಮಾ ‘ದಿ ನಾವಿಸ್’. ಲಾರೆನ್ ಹ್ಯಾಡವೇ 2021ರಲ್ಲಿ ನಿರ್ದೇಶಿಸಿದ್ದು, ಟ್ರೈಬೆಕಾ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದದ್ದು. ನಿರ್ದೇಶಕಿ ತಾವೂ ಕಾಲೇಜಿನಲ್ಲಿ ಹುಟ್ಟು ಹಾಕಿದವರು, ಆಮೇಲೆ ಸಿನಿಮಾಗಳ ಧ್ವನಿ ವಿಭಾಗದಲ್ಲಿ ದುಡಿದವರು. ಎರಡೂ ಅನುಭವ ಚಿತ್ರದಲ್ಲಿ ಕೇಳಿಸುತ್ತದೆ. ಅಲೆಕ್ಸ್ ಡಾಲ್ ಎಂಬ ಮೊದಲ ವರ್ಷದ ಹುಡುಗಿ ರೋಯಿಂಗ್‌ಗೆ ಸೇರಿ, ಎಲ್ಲರಿಗಿಂತ ಮುಂದೆ ಹೋಗಬೇಕೆಂಬ ಹಟಕ್ಕೆ ತನ್ನನ್ನೇ ಸುಟ್ಟುಕೊಳ್ಳುತ್ತಾಳೆ. ಅಂಗೈಯ ಬೊಬ್ಬೆ ಒಡೆದು ರಕ್ತ, ಅಭ್ಯಾಸ ಯಂತ್ರದ ಪಕ್ಕದಲ್ಲಿ ವಾಂತಿ, ನಿದ್ದೆಯಿಲ್ಲದ ರಾತ್ರಿಗಳು. ಪ್ರತಿಸ್ಪರ್ಧಿ ಜೇಮೀಗೆ ವಿದ್ಯಾರ್ಥಿವೇತನದ ಅಗತ್ಯವಿದೆ. ಅಲೆಕ್ಸ್‌ಗೆ ಯಾವ ಅಗತ್ಯವೂ ಇಲ್ಲ. ಇವಳೇಕೆ ಹೀಗೆ ಎಂಬುದಕ್ಕೆ ಚಿತ್ರ ಸಿದ್ಧ ಉತ್ತರ ಕೊಡುವುದಿಲ್ಲ. ಕೆಟ್ಟ ಅಪ್ಪ, ಕ್ರೂರ ಕೋಚ್ ಎಂಬ ಸುಲಭ ಕಾರಣಗಳನ್ನು ಹುಡುಕದಿರುವುದೇ ಅದರ ದೊಡ್ಡತನ. ಇಸಬೆಲ್ ಫರ್ಮನ್ ಅಭಿನಯದಲ್ಲಿ ಎಲ್ಲಿಯೂ ಕರುಣೆ ಬೇಡುವ ಸೂಚನೆಯಿಲ್ಲ.

ಆದರೂ ನನಗೆ ಒಂದು ತಕರಾರಿದೆ. ನೋವನ್ನು ಅದು ಬಹಳ ಚಂದವಾಗಿ ಚಿತ್ರಿಸುತ್ತದೆ. ನೀಲಿ ಕತ್ತಲು, ನೀರಿನ ಹೊಳಪು, ಉಸಿರಿನ ಲಯ. ನೋಡುತ್ತಾ ನೋಡುತ್ತಾ ಆ ಹಟಕ್ಕೆ ನಾವೇ ಮರುಳಾಗುತ್ತೇವೆ. ನನ್ನ ಮಗಳು ಕಣ್ಣು ಕೀಳದೆ ನೋಡಿದಳು. ಮುಗಿದ ಮೇಲೆ ಅವಳು ಹೇಳಿದ್ದು, ‘ಅಮ್ಮ, ಅವಳು ಎಷ್ಟು ಸ್ಟ್ರಾಂಗ್ ಅಲ್ವಾ.’ ಫಣಿಯಮ್ಮನನ್ನು ಓದಿ ಹದಿನೆಂಟರಲ್ಲಿ ನಾನು ಆಡಿದ ಮಾತು ಅದೇ. ಒಂದು ಶಾಂತಿಯ ಚಿತ್ರ, ಇನ್ನೊಂದು ಉನ್ಮಾದದ ಚಿತ್ರ. ಎರಡೂ ಕೃತಿಗಳು ತಮ್ಮ ನಾಯಕಿ ಕಳೆದುಕೊಂಡದ್ದನ್ನು ತೋರಿಸುತ್ತವೆ, ಎರಡರಲ್ಲೂ ಓದುಗರು ನೋಡುಗರು ಅವಳು ತಡೆದುಕೊಂಡದ್ದನ್ನು ಮಾತ್ರ ಮನೆಗೆ ಒಯ್ಯುತ್ತಾರೆ. ಹೆಣ್ಣಿನ ತಾಳ್ಮೆಗೆ ನಮ್ಮಲ್ಲಿ ಅಷ್ಟು ಬೆಲೆ, ಅವಳ ಹಸಿವಿಗೆ ಇಲ್ಲ.

ಮೇ ತಿಂಗಳ ಮೊದಲಲ್ಲಿ ಮಗಳಿಗೆ ಪಕ್ಕೆಲುಬಿನ ನೋವು ಶುರುವಾಯಿತು. ಹುಟ್ಟು ಹಾಕುವವರಲ್ಲಿ ಪಕ್ಕೆಲುಬಿಗೆ ಸಣ್ಣ ಬಿರುಕು ಬೀಳುವುದು ಅಪರೂಪವಲ್ಲ. ನೋಡಿದ ವೈದ್ಯೆ ಎದೆ ಪರೀಕ್ಷಿಸಿ, ತೂಕ ಕೇಳುವ ಮೊದಲೇ ಕೇಳಿದ್ದು, ಕೊನೆಯ ಸಲ ಮುಟ್ಟಾದದ್ದು ಯಾವಾಗ ಎಂದು. ಐದು ತಿಂಗಳಾಗಿತ್ತು. ಅದು ತನ್ನ ತರಬೇತಿ ಸರಿಯಾಗಿ ನಡೆಯುತ್ತಿರುವುದರ ಗುರುತು ಎಂದು ಮಗಳು ತಿಳಿದಿದ್ದಳು. ತಂಡದ ಹುಡುಗಿಯರಲ್ಲಿ ಹಾಗೊಂದು ಮಾತಿತ್ತಂತೆ. ನಾನು ಕೇಳಿರಲೇ ಇಲ್ಲ. ಫಣಿಯಮ್ಮನ ಕಾಲದಲ್ಲಿ ಮುಟ್ಟಾಗುವುದೇ ಶಿಕ್ಷೆಯ ಆರಂಭ. ನನ್ನ ಮಗಳ ಕಾಲದಲ್ಲಿ ಮುಟ್ಟು ನಿಲ್ಲುವುದು ಬಹುಮಾನ.

ಆ ರಾತ್ರಿ ನಾನು ಹಾಳೆಯನ್ನು ಮತ್ತೆ ತೆಗೆದು, ಮಾರ್ಚಿನಲ್ಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಶೇಕಡಾವಾರನ್ನು ಕಿಲೋಗೆ ತಿರುಗಿಸಿದೆ. ಅಕ್ಟೋಬರಿನಲ್ಲಿ ಕೊಬ್ಬು 15.4 ಕೆ.ಜಿ., ಉಳಿದ ಮೈ 48.4. ಮಾರ್ಚಿನಲ್ಲಿ ಕೊಬ್ಬು 12.8, ಉಳಿದ ಮೈ 46.6. ಇಳಿದ 4.4 ಕಿಲೋದಲ್ಲಿ 1.8 ಕಿಲೋ ಕೊಬ್ಬೇ ಅಲ್ಲ. ಅಂದಾಜಿನ ಅಂಕಿಗಳೇ ಇರಬಹುದು. ಆದರೆ ಹಾಳೆಯನ್ನು ನಂಬಿ ನಗುಮುಖ ಬರೆಯುವವರು ಈ ಅಂಕಿಯನ್ನೂ ನಂಬಬೇಕಲ್ಲ. ದೋಣಿ ಎಳೆಯುವ ಮೈಯನ್ನೇ ಮಾರಿ ತೂಕದ ಗುರಿ ಮುಟ್ಟಲಾಗಿತ್ತು. ಯಂತ್ರ ಮಾರಿ ಲಾಭ ತೋರಿಸುವ ಕಾರ್ಖಾನೆಗಳನ್ನು ನಾನು ವೃತ್ತಿಯಲ್ಲಿ ಕಂಡಿದ್ದೇನೆ.

ಇನ್ನೂ ಮುಖ್ಯವಾದ ತಪ್ಪು ಬೇರೆಯೇ ಇತ್ತು. 1974ರಲ್ಲಿ ರೋಸ್ ಫ್ರಿಶ್ ಮತ್ತು ಜೊತೆಗಾರ್ತಿ ಮ್ಯಾಕಾರ್ಥರ್, ಹೆಣ್ಣಿನ ಮೈಯಲ್ಲಿ ಕೊಬ್ಬು ಒಂದು ಮಟ್ಟಕ್ಕಿಂತ ಇಳಿದರೆ ಮುಟ್ಟು ನಿಲ್ಲುತ್ತದೆ ಎಂದು ವಾದಿಸಿದರು, ಶೇ. 22 ಎಂಬ ಗೆರೆ ಅವರದೇ. ಬಹುಕಾಲ ಜನ ಅದನ್ನು ನಂಬಿದರು. 2003ರಲ್ಲಿ ಆನ್ ಲೌಕ್ಸ್ ಮತ್ತು ಥುಮಾ ಬೇರೆ ದಾರಿ ಹಿಡಿದರು. ಸಾಧಾರಣ ಮೈಕಟ್ಟಿನ, ಮುಟ್ಟು ಸರಿಯಾಗಿದ್ದ 29 ಯುವತಿಯರಿಗೆ ಐದೇ ದಿನ ಊಟ ಮತ್ತು ವ್ಯಾಯಾಮವನ್ನು ಅಳೆದು ಕೊಟ್ಟರು. ವ್ಯಾಯಾಮಕ್ಕೆ ಖರ್ಚಾದದ್ದನ್ನು ಕಳೆದು ಉಳಿದ ಕ್ಯಾಲೊರಿಯನ್ನು ಕೊಬ್ಬಿಲ್ಲದ ಮೈಯ ಕಿಲೋಗಳಿಂದ ಭಾಗಿಸಿದರು. ಆ ಭಾಗಲಬ್ಧ 30ಕ್ಕಿಂತ ಕೆಳಗೆ ಹೋದಾಗ ಮುಟ್ಟನ್ನು ನಡೆಸುವ ಹಾರ್ಮೋನಿನ ಮಿಡಿತ ಕೆಟ್ಟಿತು. ಐದು ದಿನದಲ್ಲಿ ಮೈಕೊಬ್ಬು ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಅಂದರೆ ಮೈ ನೋಡುವುದು ಕೂಡಿಟ್ಟದ್ದನ್ನಲ್ಲ, ದಿನದ ಒಳಬರುವನ್ನು. ಒಲಿಂಪಿಕ್ ಸಮಿತಿ 2014ರಲ್ಲಿ ಈ ಕೊರತೆಗೆ ಒಂದು ಹೆಸರು ಕೊಟ್ಟು, ಮೂಳೆ, ಹೃದಯ, ಮನಸ್ಸು ಎಲ್ಲಕ್ಕೂ ಅದರ ಏಟು ತಗಲುತ್ತದೆ, ಗಂಡಸರಿಗೂ ತಗಲುತ್ತದೆ ಎಂದಿತು. 30ರ ಗೆರೆ ಎಲ್ಲರಿಗೂ ಒಂದೇ ಜಾಗದಲ್ಲಿಲ್ಲ ಎಂದೂ ತಿಳಿದವರು ಆಮೇಲೆ ಹೇಳಿದ್ದಾರೆ.

ಬಿ.ಕಾಂ. ಓದಿದವರಿಗೆಲ್ಲ ಈ ಪಾಠ ಗೊತ್ತಿರಬೇಕು. ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿ ಧಾರಾಳವಾಗಿದ್ದೂ ಕೈಯಲ್ಲಿ ನಗದಿಲ್ಲದೆ ಮುಚ್ಚುವ ಕಂಪನಿಗಳಿವೆ. ಮೈಯ ಕೊಬ್ಬಿನ ಹಾಳೆ ಒಂದು ದಿನದ ಬ್ಯಾಲೆನ್ಸ್ ಶೀಟ್. ಮಗಳ ನಗದು ಹರಿವನ್ನು ಯಾರೂ ನೋಡಿರಲಿಲ್ಲ. ಅವಳ ಫೋನಿನ ಲೆಕ್ಕದ ಪ್ರಕಾರ ದಿನಕ್ಕೆ 2000 ಕ್ಯಾಲೊರಿ ಉಣ್ಣುತ್ತಿದ್ದಳು. ಸಾಧಾರಣ ಹೆಂಗಸಿಗೆ ಬ್ರಿಟನ್ನಿನ ಆರೋಗ್ಯ ಸೇವೆ ಹೇಳುವುದೂ ಅಷ್ಟನ್ನೇ. ಹಾಗಾಗಿ ತಾನು ಉಪವಾಸ ಇದ್ದೇನೆಂದು ಅವಳಿಗೆ ಅನ್ನಿಸಿರಲೇ ಇಲ್ಲ. ಅಭ್ಯಾಸಕ್ಕೆ 800 ಹೋದರೆ ಉಳಿದದ್ದು 1200. ಅದನ್ನು 46.6ರಿಂದ ಭಾಗಿಸಿದರೆ 26ಕ್ಕೂ ಕಡಿಮೆ. ನೆಮ್ಮದಿಯ ಮಟ್ಟವೆನ್ನುವ 45ಕ್ಕೆ ಬರಬೇಕಾದರೆ ದಿನಕ್ಕೆ ಸುಮಾರು 2900 ಬೇಕು. ಹೆಚ್ಚೂಕಡಿಮೆ ಪ್ರತಿದಿನ 900ರ ಸಾಲ, ತಿಂಗಳುಗಟ್ಟಲೆ.

ಈ ಲೆಕ್ಕದಲ್ಲಿ ಒಂದನ್ನು ಗಮನಿಸಿ. ಅವಳಿಗೆ ಎಷ್ಟು ಊಟ ಸಲ್ಲಬೇಕು ಎಂಬುದನ್ನು ಹೇಳುವ ಅಂಕಿ ಅದೇ ಹಾಳೆಯಲ್ಲಿತ್ತು. ಕೊಬ್ಬಿಲ್ಲದ ಮೈ ಎಷ್ಟು ಕಿಲೋ ಎಂದು ತಿಳಿಯುವುದಕ್ಕೇ ಆ ಅಳತೆ ಬೇಕು. ಎಲ್ಲರೂ ಎಡಗಡೆಯ ಅಂಕಿ ನೋಡಿ ಏನನ್ನು ಕಳೆಯಬೇಕು ಎಂದು ಕೇಳಿದರು. ಬಲಗಡೆಯದನ್ನು ನೋಡಿ ಏನನ್ನು ಕೊಡಬೇಕು ಎಂದು ಕೇಳಲಿಲ್ಲ. ಆದ್ದರಿಂದ ಕ್ಯಾಲಿಪರ್ ಎಸೆಯಿರಿ, ಅಳೆಯುವುದು ನಿಲ್ಲಿಸಿ ಎಂಬ ವಾದ ನನ್ನದಲ್ಲ. ಲೆಕ್ಕ ಬಿಟ್ಟು ನನಗೆ ಬದುಕೂ ಇಲ್ಲ. ಯೇಲ್‌ನ ಹುಡುಗಿಯರು ಮೈಯ ಮೇಲೆ ಬರೆದದ್ದು ಬರಬೇಕಾದ ಬಾಕಿಯನ್ನು. ನಮ್ಮ ಹಾಳೆಯ ಮೇಲೆ ಬರೆದದ್ದು ನಗುಮುಖ.

ಮಗಳು ಆ ವರ್ಷ ನಾಟಿಂಗ್‌ಹ್ಯಾಮಿನ ಪಂದ್ಯಕ್ಕೆ ಇಳಿಯಲಿಲ್ಲ. ಪಕ್ಕೆಲುಬು ಕೂಡಲು ವಾರಗಟ್ಟಲೆ ಬೇಕಾಯಿತು, ಮುಟ್ಟು ಮರಳಲು ತಿಂಗಳುಗಟ್ಟಲೆ. ಜಗಳಗಳಾದವು. ‘ನೀನೇ ತಾನೆ ಅವತ್ತು ಎಲ್ಲರ ಮುಂದೆ ಖುಷಿಪಟ್ಟಿದ್ದು’ ಎಂದು ಅವಳು ಕೇಳಿದ ರಾತ್ರಿ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ವರ್ಷ ಅವಳು ತೂಕದ ಮಿತಿಯಿಲ್ಲದ ದೋಣಿಗೆ ಬಂದಳು. ಮೊದಲ ತಂಡದಲ್ಲಿ ಜಾಗ ಸಿಗಲಿಲ್ಲ, ಎರಡನೆಯದರಲ್ಲಿ ಹಾಕಿದಳು. ಲೈಟ್‌ವೇಟ್ ದೋಣಿಯ ಆಸೆ ಪೂರ್ತಿ ಹೋಗಿದೆ ಎಂದು ಹೇಳಲಾರೆ. ಪ್ಯಾರಿಸ್‌ನಲ್ಲಿ ಕ್ರೇಗ್ ಮತ್ತು ಗ್ರಾಂಟ್ ಗೆದ್ದಾಗ ಟಿ.ವಿ. ಮುಂದೆ ಅವಳು ಅತ್ತಳು. ಯಾಕೆಂದು ನಾನು ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಎಜ್‌ಬಾಸ್ಟನ್ ಜಲಾಶಯದ ಸುತ್ತ ನಡೆಯಲು ಹೋಗುತ್ತೇನೆ. ಕಾಲುವೆಗಳಿಗೆ ನೀರೂಡಿಸಲು ಥಾಮಸ್ ಟೆಲ್‌ಫರ್ಡ್ ಹಿಗ್ಗಿಸಿದ ಕೆರೆ ಅದು. ಈಗ ಬರ್ಮಿಂಗ್‌ಹ್ಯಾಮ್ ರೋಯಿಂಗ್ ಕ್ಲಬ್ಬಿನ ದೋಣಿಗಳು ಓಡಾಡುತ್ತವೆ. ಮೊನ್ನೆ ದಡದಲ್ಲಿ ನಮ್ಮ ಕಡೆಯ ಪರಿಚಯದವರ ಮಗಳು ಸಿಕ್ಕಳು, ಹೊಸದಾಗಿ ಸೇರಿದ್ದಾಳಂತೆ. ಹದಿನೇಳು ವಯಸ್ಸು, ಉದ್ದನೆಯ ತೋಳು, ಕೆಂಪಾದ ಮುಖ. ‘ಆಂಟಿ, ನಾನು ಸಣ್ಣ ಆಗಿದೀನಾ?’ ಎಂದು ಕೇಳಿದಳು. ನಾಲಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಸಾವಿರ ಸಲ ಯಾಂತ್ರಿಕವಾಗಿ ಕೇಳಿ ಅರ್ಥ ಸವೆದಿದ್ದ ನಮ್ಮ ಕನ್ನಡದ ಪ್ರಶ್ನೆಯನ್ನೇ ಕೇಳಿದೆ. ತಿಂಡಿ ಆಯ್ತಾ? ಇನ್ನೂ ಇಲ್ಲ ಅಂದಳು. ಚೀಲದಲ್ಲಿ ಚಪಾತಿ ಸುರುಳಿ ಇತ್ತು. ಅವಳು ನಿಂತಲ್ಲೇ ಎರಡೂ ತಿಂದಳು.